ವಯಸ್ಸಾದ ಮ್ಯಾಲೆ ಎಲ್ಲಿರೋದು? ಮೊದ್ಲು ಬಚ್ಚಲ ದಾರಿ ನೋಡ್ರಿ

(ಗಂಗಾವತಿ, ನಮ್ಮನಿ ಹಿತ್ತಲ. ಕ್ಯಾಮೆರಾ ಪಾವಟಿಗಿ ಮ್ಯಾಲೆ.)

ನಮಸ್ಕಾರ್ರಿ ಎಲ್ಲಾರಿಗೂ. ಇಲ್ಲಿ ಎರಡು ಪಾವಟಿಗಿ ಇದ್ವು, ಪಾಯಖಾನಿಗೆ ಹೋಗೋ ದಾರಿ ಇದು, ನಮ್ಮವ್ವ ನಲವತ್ತು ವರ್ಷ ಇಲ್ಲೇ ತಿರುಗ್ಯಾಡ್ಯಾಳ, ಹೋದ ಮಳಿಗಾಲದಾಗ ರಾತ್ರಿ ಎರಡರ ಸುಮಾರು ಕಾಲು ಜಾರಿ ಕುಂತಬಿಟ್ಲು. ಎಲುಬು ಮುರೀಲಿಲ್ಲ, ಪುಣ್ಯ. ಅವತ್ತಿಂದ ಮನ್ಯಾಗ ಒಂದೇ ಮಾತು, ಅವ್ವ ಅಪ್ಪನ್ನ ಬೆಂಗಳೂರಿಗೆ ಕರಕೊಂಡು ಹೋಗೋದೋ, ಇಲ್ಲೇ ಇಡೋದೋ.

ಕರಕೊಂಡು ಹೋದ್ವಿ, ಮೂರು ತಿಂಗಳು ಇದ್ರು. ಏಳನೇ ಫ್ಲೋರು, ಲಿಫ್ಟು, ಕಮೋಡು ಎಲ್ಲಾ ಐತಿ. ಊರಾಗ ಅಪ್ಪ ಮುಂಜಾನೆ ಹೋಟೆಲ್ ಬೆಂಚಿನ ಮ್ಯಾಲೆ ಕುಂತು ಒಗ್ಗರಣಿ ಮಿರ್ಚಿ ತಿಂದು, ಭತ್ತದ ರೇಟು ಎಷ್ಟು, ಡ್ಯಾಮಿಗೆ ನೀರು ಎಷ್ಟು ಬಂತು ಅಂತ ನಾಲ್ಕು ಮಂದಿ ಜೋಡಿ ಜಗಳಾಡಿ ಮನಿಗೆ ಬರ್ತಿದ್ದ, ಅಲ್ಲಿ ಸೆಕ್ಯೂರಿಟಿ ಹುಡುಗನ ಹತ್ರ ಹೋಗಿ ಕುಂದ್ರಾಕ ಶುರು ಮಾಡಿದ. ಆ ಹುಡುಗಗ ಕನ್ನಡ ಬರಲ್ಲ. ಇಬ್ರೂ ಸುಮ್ನ ಕುಂತಿರ್ತಿದ್ರು. ಅದನ್ನ ನೋಡಿ ನಾನೇ ಬಸ್ ಟಿಕೆಟ್ ಬುಕ್ ಮಾಡಿದೆ.

ಮಕ್ಕಳ ಹತ್ರ ಹೋಗೋದು ತಪ್ಪು ಅಂತ ಹೇಳಾಕತ್ತಿಲ್ಲ, ಕೆಲವರಿಗೆ ಅದೇ ಸರಿ. ಆದ್ರ ಮಾತಾಡೋ ಮಂದಿ ಇರೋ ಊರು ಬಿಡೋಕಿಂತ ಮೊದ್ಲು, ಮೊಣಕಾಲು ಗಟ್ಟಿ ಇದ್ದಾಗಲೇ, ಇರೋ ಮನಿ ರಿಪೇರಿ ಮಾಡ್ಸಿ ನೋಡ್ರಿ.

(ಹೊಸ ಬಚ್ಚಲ ಬಾಗ್ಲ ತೋರ್ಸೋದು.)

ಮಲಗೋ ಕೋಣಿಗೆ ಹತ್ತಿಕೊಂಡು ಕಮೋಡು ಹಾಕ್ಸಿದ್ವಿ. ಬಾಗ್ಲ ಮೂರು ಅಡಿ ಇಡ್ರಿ, ನಮ್ಮ ಹಳೇ ಬಚ್ಚಲ ಬಾಗ್ಲ ಎರಡೇ ಅಡಿ ಇತ್ತು, ನಾಳೆ ವ್ಹೀಲ್‌ಚೇರು ಬಂದ್ರ ಒಳಗ ಹೋಗಲ್ಲ. ಪ್ಲಂಬರ್ ಏನ್ ಮಾಡಿದ ಅಂದ್ರ ಟವೆಲ್ ರಾಡು ಬಡದು "ಇದನ್ನೇ ಹಿಡಕೊಳ್ಳಿ ಬಿಡ್ರಿ" ಅಂದ. ನಾನು ಹಿಡದು ಜೋಲಿ ಹೊಡದೆ, ಸ್ಕ್ರೂ ಸಮೇತ ಕೈಗೆ ಬಂತು! ಅದು ಅರಬಿ ಹಾಕಾಕ, ಮೈಭಾರಕ್ಕಲ್ಲ. ದಪ್ಪನ ಸ್ಟೀಲ್ ಹಿಡಿಕಿ, ಗ್ವಾಡಿಗೆ ಆಂಕರ್ ಬೋಲ್ಟು, ಹಂಗ ಹಾಕ್ಸ್ರಿ.

ಇನ್ನ ಬಿಸಲು. ಬ್ಯಾಸಗಿ 40 ಡಿಗ್ರಿ ದಾಟತೈತಿ, ವಯಸ್ಸಾದ್ರ ನೀರಡಿಕಿ ಸರಿಯಾಗಿ ಗೊತ್ತಾಗಲ್ಲ, ಆರ್‌ಸಿಸಿ (ಕಾಂಕ್ರೀಟ್) ಮನಿ ಮ್ಯಾಲಿನ ರೂಮು ಅವ್ರಿಗೆ ಕೊಡಬ್ಯಾಡ್ರಿ. ಮಣ್ಣಿನ ಮಾಳಿಗಿ ಮನಿ ಗಟ್ಟಿ ಇದ್ರ ಕೆಡವೋಕ್ ಅವಸರ ಮಾಡಬ್ಯಾಡ್ರಿ, ಅದರ ತಂಪು ಯಾವ ಕೂಲರೂ ಕೊಡಲ್ಲ.

ರೊಕ್ಕದ್ದು ಬೇಗ ಹೇಳಿಬಿಡ್ತೀನಿ. 60 ಆದೋರಿಗೆ ಪೋಸ್ಟಾಫೀಸಿನಾಗ ಸೀನಿಯರ್ ಸಿಟಿಜನ್ ಸ್ಕೀಮ್ ಐತಿ, 30 ಲಕ್ಷದ ತನಕ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರ್ತೈತಿ. ಬಡವರಿಗೆ 65ರ ಮ್ಯಾಲೆ ಸಂಧ್ಯಾ ಸುರಕ್ಷಾ ಪಿಂಚಣಿ ಐತಿ.

ಈಗ ಆಸ್ತಿ ವಿಷಯ, ಇದನ್ನ ಸ್ಕಿಪ್ ಮಾಡಬ್ಯಾಡ್ರಿ. "ಹೆಂಗೂ ಅವ್ರಿಗೇ ಅಲ್ಲ" ಅಂತ ಮನಿ ಹೊಲ ಎಲ್ಲಾ ಮಕ್ಕಳ ಹೆಸರಿಗೆ ದಾನಪತ್ರ ಮಾಡಿ ಕೈ ಕಟ್ಟಿ ಕುಂತೋರನ್ನ ನಮ್ಮ ಓಣ್ಯಾಗೇ ನೋಡೀನಿ. ವಿಲ್ ಬರದ್ರ ನೀವು ಇರೋ ತನಕ ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು, ಇಬ್ರು ಸಾಕ್ಷಿ ಸಾಕು, ರಿಜಿಸ್ಟರ್ ಕಡ್ಡಾಯ ಅಲ್ಲ. ದಾನಪತ್ರನೇ ಮಾಡ್ತೀವಿ ಅಂದ್ರ "ನಮ್ಮನ್ನ ನೋಡಿಕೊಳ್ಳಬೇಕು" ಅನ್ನೋ ಷರತ್ತು ಪತ್ರದಾಗೇ ಬರಸ್ರಿ. 2007ರ ಹಿರಿಯ ನಾಗರಿಕರ ಕಾಯ್ದೆ 23ನೇ ಕಲಂ ಪ್ರಕಾರ, ಷರತ್ತು ಮುರದ್ರ ಆ ಪತ್ರ ರದ್ದು ಮಾಡ್ರಿ ಅಂತ ಎಸಿ ಸಾಹೇಬ್ರ (ಅಸಿಸ್ಟಂಟ್ ಕಮಿಷನರ್) ಮುಂದ ಅರ್ಜಿ ಹಾಕಬಹುದು. ನಮಗ ಕೊಪ್ಪಳ ಎಸಿ ಆಫೀಸು, ರಾಯಚೂರು ಜಿಲ್ಲಾದೋರಿಗೆ ರಾಯಚೂರು ಇಲ್ಲಾ ಲಿಂಗಸುಗೂರು. ಯಾರನ್ನ ಕೇಳಬೇಕು ಗೊತ್ತಾಗದಿದ್ರ 14567ಗೆ ಫೋನ್ ಹಚ್ರಿ, ಹಿರಿಯರ ಸಹಾಯವಾಣಿ, ಫ್ರೀ.

(ಮತ್ತ ಹಿತ್ತಲ.)

ಆ ಪಾವಟಿಗಿ ಏನಾದ್ವು ಅಂತೀರಿ? ರ‍್ಯಾಂಪ್ ಮಾಡ್ಸಿದ್ವಿ. ಒಂದು ಇಂಚು ಎತ್ತರಕ್ಕ ಒಂದು ಅಡಿ ಉದ್ದ ಲೆಕ್ಕ, ಎರಡು ಪಾವಟಿಗಿ ಸೇರಿ 14 ಇಂಚು, ಅಂದ್ರ 14 ಅಡಿ. "ಇಷ್ಟ್ ಉದ್ದ ಯಾಕೋ ತಮ್ಮಾ, ಜಾಗ ಹಾಳು" ಅಂತ ಅವ್ವ ಒಂದು ವಾರ ಬೈದಳು. ಈಗ ನೋಡ್ರಿ, ಬಿಸಲಿಗೆ ಚೊಲೋ ಐತಿ ಅಂತ ಅದರ ಅರ್ಧಕ್ಕ ಸೀರಿ ಹಾಸಿ ಸಂಡಿಗಿ ಒಣಗಿಸ್ಯಾಳ, ಯಾರಿಗೂ ತುಳಿಯಾಕ ಬಿಡವಲ್ಲಳು.