ಎಳೆ ಜೋಳದೊಳಗಿನ ಸೈನೈಡ್

ನಮಸ್ಕಾರ ರೈತ ಬಾಂಧವರೇ. ಸೈನೈಡ್ ಅಂದ ಕೂಡಲೇ ಕೊಲೆ, ಪೊಲೀಸರು ನೆನಪಾಗ್ತಾರೆ, ಅಲ್ವಾ? ಅದು ನಿಮ್ಮ ಜೋಳದ ಹೊಲದಲ್ಲೂ ಇದೆ. ಎಳೆ ಜೋಳದ ಎಲೆಯಲ್ಲಿ ಧುರಿನ್ ಅನ್ನೋ ವಸ್ತು ಇರುತ್ತದೆ. ದನ ಅಗಿದರೆ ಅದು ಒಡೆದು ಸೈನೈಡ್ ಬಿಡುತ್ತದೆ. ಮಳೆಯಿಲ್ಲದೆ ಬಾಡಿದ ಪೈರಿನಲ್ಲಿ, ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲಿ ಇನ್ನೂ ಜಾಸ್ತಿ. ತೆನೆ ಬರೋ ತನಕ ಜೋಳಕ್ಕೆ ದನ ಬಿಡಬೇಡಿ.

ನವಲಗುಂದದ ಕಡೆಯ ಒಂದು ಊರಿಂದ ಫೋನ್ ಬಂತು. ಹೋಗಿ ನೋಡಿದರೆ ಜೋಡೆತ್ತಿನಲ್ಲಿ ಒಂದು ಸತ್ತಿದೆ, ಇನ್ನೊಂದು ನೆಲಕ್ಕೆ ಬಿದ್ದು ಏದುಸಿರು ಬಿಡುತ್ತಿದೆ. "ಬಾಜೂ ಹೊಲದವ್ರು ವಿಷಾ ಹಾಕ್ಯಾರ್ರೀ ಡಾಕ್ಟ್ರೇ" ಅಂತ ಯಜಮಾನರು ಅಳುತ್ತಿದ್ದರು, ಸುತ್ತ ಜನ ಸೇರಿ ಬಡಿದಾಟಕ್ಕೇ ನಿಂತಿದ್ದರು. ನಾನು ಬದುಕಿದ್ದ ಎತ್ತಿನ ರಕ್ತ ತೆಗೆದೆ. ಕಡುಕೆಂಪು ಅಲ್ಲ, ಹೊಳೆಯುವ ಕೆಂಪು. ಸೈನೈಡ್ ಆದಾಗ ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಆದರೆ ಜೀವಕೋಶ ಅದನ್ನು ಬಳಸಲಾರದು, ಬುತ್ತಿ ಮುಂದಿದ್ದೂ ಉಣ್ಣಲಾಗದ ಹಾಗೆ. ರಕ್ತ ಕಂದು ಬಣ್ಣ ಇದ್ದಿದ್ದರೆ ಅದು ನೈಟ್ರೇಟ್ ವಿಷ, ಆಗ ಸೈನೈಡ್‌ಗೆ ಕೊಡುವ ಮದ್ದು ಕೊಟ್ಟರೆ ದನ ಸಾಯಬಹುದು. ಸೋಡಿಯಂ ನೈಟ್ರೈಟ್, ಹಿಂದೆಯೇ ಸೋಡಿಯಂ ಥಯೋಸಲ್ಫೇಟ್, ಎರಡನ್ನೂ ರಕ್ತನಾಳಕ್ಕೆ ಕೊಟ್ಟೆ. ಎತ್ತು ನಿಧಾನಕ್ಕೆ ತಲೆ ಎತ್ತಿತು, ಆಮೇಲೆ ಎದ್ದು ನಿಂತಿತು. ಜನ ಇನ್ನೂ ಜಗಳದಲ್ಲೇ ಇದ್ದರು. ಎತ್ತು ಮೇಯ್ದಿದ್ದ ಹೊಲದ ಕೂಳೆ ಎಲೆ ಜಜ್ಜಿ ಬಾಟಲಿಗೆ ಹಾಕಿದೆ, ಒಳಗೆ ಸೈನೈಡ್ ತಾಗಿದರೆ ಕೆಂಪಾಗುವ ಹಳದಿ ಪಿಕ್ರೇಟ್ ಪೇಪರ್ ಇಳಿಬಿಟ್ಟು ಮುಚ್ಚಿದೆ. ಎಲ್ಲರೂ ನೋಡುತ್ತಿದ್ದಂತೆ ಪೇಪರ್ ಇಟ್ಟಿಗೆ ಕೆಂಪಾಯಿತು. ಎತ್ತು ಮೇಯಿಸಿದ್ದು ಯಜಮಾನರ ಮಗನೇ, ಅವರದೇ ಕೂಳೆಯಲ್ಲಿ! ಪಕ್ಕದ ಹೊಲದವರ ಮೇಲಿನ ಅಪವಾದ ಅಲ್ಲಿಗೇ ಮುಗಿಯಿತು.

ಆ ಎತ್ತು ಉಳಿಯಿತು. ಆದರೆ ಈ ವಿಷ ಎಷ್ಟೋ ಸಲ ನಿಮಿಷಗಳಲ್ಲೇ ಕೊಲ್ಲುತ್ತದೆ, ದನದ ದವಾಖಾನೆ ದೂರ, ಮದ್ದು ಎಲ್ಲ ಕಡೆ ಇರುವುದಿಲ್ಲ. ಅದಕ್ಕೇ ಮತ್ತೆ ಹೇಳ್ತೀನಿ, ಎಳೆ ಜೋಳಕ್ಕೆ ದನ ಬಿಡಬೇಡಿ.

ಸಮಯ ಕಡಿಮೆ ಇದೆ, ಪರೀಕ್ಷೆಯ ಮಾತು ಬೇಗ ಮುಗಿಸುತ್ತೇನೆ. ಸೈನೈಡ್ ಗಾಳಿಗೆ ಹಾರಿಹೋಗುತ್ತದೆ. ದನ ಸತ್ತರೆ ಹೂಳುವ ಮೊದಲು ಡಾಕ್ಟರನ್ನು ಕರೆಯಿರಿ, ದಯವಿಟ್ಟು, ಹೂತ ಮೇಲೆ ಅಲ್ಲ. ಹೊಟ್ಟೆಯೊಳಗಿನ ಮೇವು, ಯಕೃತ್ತಿನ ತುಂಡು, ಎರಡನ್ನೂ ಬಾಟಲಿಯಲ್ಲಿ ಗಾಳಿಯಾಡದಂತೆ ಬಿಗಿದು, ಐಸ್‌ನಲ್ಲಿಟ್ಟು ತಕ್ಷಣ ಕಳಿಸಬೇಕು. ತಡವಾದರೆ ಪ್ರಯೋಗಾಲಯಕ್ಕೆ ಏನೂ ಸಿಗದೇ ಹೋಗಬಹುದು. ವಿಮೆ ಇದ್ದರೆ ಮರಣೋತ್ತರ ಪರೀಕ್ಷೆಯ ವರದಿಯೂ ಬೇಕು.

ಮೇವಿಗೆ ಚೆನ್ನಾಗಿ ಒಣಗಿದ ಕಣಕಿ ಹಾಕಿ. ಕೂಳೆ ಚಿಗುರಿದ ಹೊಲ ಇದ್ದರೆ ಈ ವಾರವೇ ಹರಗಿಬಿಡಿ. ನಮಸ್ಕಾರ.