ಮೆಣಸಿನ ಮೂಟೆ ಎಂಬ ಬೈಗುಳ

ಈಗ ನಿಮಗೆ ಕಾಣುತ್ತಿರುವ ಕೆಂಪು ಇಟ್ಟಿಗೆಯ ಸಾಲು ಹ್ಯಾಂಬರ್ಗ್ ನಗರದ ಸ್ಪೈಶರ್‌ಸ್ಟಾಟ್, ಅಂದರೆ ಗೋದಾಮುಗಳ ಪೇಟೆ. ಕಾಫಿ, ಚಹಾ, ರತ್ನಗಂಬಳಿ, ಮಸಾಲೆಗಳೆಲ್ಲ ಈ ಕಾಲುವೆಗಳಲ್ಲಿ ದೋಣಿಯೇರಿ ಬರುತ್ತಿದ್ದವು. ಮೇಲೆ ಮಾಡಿನ ತುದಿ ನೋಡಿ, ಮೂಟೆ ಎತ್ತುವ ರಾಟೆಗಳು ಅಲ್ಲೇ ಇದ್ದವು.

ಇಲ್ಲಿನ ಸಿರಿವಂತ ವ್ಯಾಪಾರಿಗಳಿಗೆ ಜನ ಇಟ್ಟ ಹೆಸರು ‘ಫೆಫರ್‌ಸಾಕ್’. ಫೆಫರ್ ಎಂದರೆ ಕಾಳುಮೆಣಸು, ಸಾಕ್ ಎಂದರೆ ಮೂಟೆ. ಹೊಗಳಿಕೆ ಖಂಡಿತ ಅಲ್ಲ. ದುಡ್ಡೊಂದೇ ದೇವರೆಂದು ನಂಬಿದವನಿಗೆ ಇಟ್ಟ ಅಡ್ಡಹೆಸರು. ದಕ್ಷಿಣದ ನ್ಯೂರೆಂಬರ್ಗ್ ವರ್ತಕರಿಗೂ ಇದು ತಪ್ಪಲಿಲ್ಲ.

ನನಗೆ ಮೋಜೆನಿಸುವುದು, ಅಪ್ಪಟ ಜರ್ಮನ್ ಎನಿಸುವ ಈ ಪದದ ಎರಡು ತುಂಡುಗಳೂ ಹೊರಗಿನವು. ಸಾಕ್ ಹೊರಟದ್ದು ಪಶ್ಚಿಮ ಏಷ್ಯಾದ ಸೆಮಿಟಿಕ್ ಭಾಷೆಗಳಿಂದ. ಗ್ರೀಕ್, ಲ್ಯಾಟಿನ್ ದಾಟಿ ಇಲ್ಲಿಗೆ ತಲುಪಿತು. ಫೆಫರ್‌ನ ಬೇರು ಭಾರತದ್ದು. ಸಂಸ್ಕೃತದ ‘ಪಿಪ್ಪಲಿ’ ಗ್ರೀಕಿನಲ್ಲಿ ‘ಪೆಪೆರಿ’, ಲ್ಯಾಟಿನ್‌ನಲ್ಲಿ ‘ಪಿಪೆರ್’ ಆಯಿತು. ಮುಂದೆ ದಕ್ಷಿಣ ಜರ್ಮನಿಯ ನಾಲಿಗೆಯಲ್ಲಿ ಪಕಾರ ಸಡಿಲವಾಗಿ ಫೆಫರ್. ಹ್ಯಾಂಬರ್ಗಿನ ಹಳೆಯ ಆಡುಮಾತಿನಲ್ಲಿ ಮಾತ್ರ ಇಂದಿಗೂ ‘ಪೇಪರ್’. ಬೆಳಿಗ್ಗೆ ಓದುವ ಪೇಪರ್ ಅಲ್ಲ!

ಅದೇ ಪಿಪ್ಪಲಿ ಕನ್ನಡದಲ್ಲಿ ಏನಾಯಿತು? ‘ಪಾಲ್’ ಹಾಲಾದ ಹಾದಿಯಲ್ಲೇ ‘ಹಿಪ್ಪಲಿ’ ಆಯಿತು. ಆದರೆ ನಮ್ಮ ಹಿಪ್ಪಲಿ ಗ್ರಂದಿಗೆ ಅಂಗಡಿಯ ಉದ್ದನೆಯ ಕಾಯಿ, ಕಾಳುಮೆಣಸಲ್ಲ. ಯುರೋಪಿನವರು ಒಂದರ ಹೆಸರನ್ನು ಇನ್ನೊಂದಕ್ಕೆ ಅಂಟಿಸಿ ಸುಮ್ಮನಾದರು. ಅವರಿಗೆ ಬೇಕಿದ್ದದ್ದು ಖಾರ.

ಆ ಖಾರಕ್ಕಾಗಿ ಸುರಿದ ಹಣ ಕಡಿಮೆಯಲ್ಲ. 1505ರಲ್ಲಿ ಅಲ್ಮೇಡಾನ ಪೋರ್ಚುಗೀಸ್ ನೌಕಾಪಡೆ ಭಾರತಕ್ಕೆ ಹೊರಟಾಗ ಆಗ್ಸ್‌ಬರ್ಗಿನ ವೆಲ್ಸರ್ ಮತ್ತು ಫುಗ್ಗರ್ ಮನೆತನಗಳೂ ಬಂಡವಾಳ ಹೂಡಿದ್ದವು. ವೆಲ್ಸರ್‌ಗಳ ಪ್ರತಿನಿಧಿ ಬಾಲ್ತಜಾರ್ ಸ್ಪ್ರೆಂಗರ್ ಜೊತೆಗೇ ಬಂದು, 1509ರಲ್ಲಿ ಪ್ರವಾಸಕಥನ ಅಚ್ಚು ಹಾಕಿಸಿದ. ಆ ಪಡೆ ಕೋಟೆ ಕಟ್ಟಿದ್ದು ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ. ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟಿತು. ಮೆಣಸಿನ ಮೂಟೆಯ ಲೆಕ್ಕದಲ್ಲಿ ಇದೂ ಸೇರಬೇಕು.

ಮತ್ತೆ ಈ ಗೋದಾಮುಗಳಿಗೆ ಬರೋಣ. 1888ರಲ್ಲಿ ಹ್ಯಾಂಬರ್ಗ್ ಜರ್ಮನಿಯ ಸುಂಕ ವ್ಯವಸ್ಥೆಗೆ ಸೇರಿತು. ಸುಂಕವಿಲ್ಲದೆ ಸರಕು ಇಡಲು ವರ್ತಕರಿಗೆ ಪ್ರತ್ಯೇಕ ಜಾಗ ಬೇಕಿತ್ತು. ಅದಕ್ಕಾಗಿ ಇಲ್ಲಿ ವಾಸವಿದ್ದ ಸುಮಾರು 20,000 ಜನರನ್ನು ಒಕ್ಕಲೆಬ್ಬಿಸಿ ಮನೆಗಳನ್ನು ಕೆಡವಿದರು. 2015ರಿಂದ ಇದು ವಿಶ್ವ ಪರಂಪರೆಯ ತಾಣ. ಹ್ಯಾಂಬರ್ಗಿನವರು ಈಗ ತಮ್ಮನ್ನು ತಾವೇ ಫೆಫರ್‌ಸಾಕ್ ಎಂದು ಕರೆದುಕೊಂಡು ನಗುವುದುಂಟು. ಅವರ ಸಾಲು ಸಾಲು ಗೋದಾಮುಗಳ ಎದುರು ನಿಂತು ನಾನಂತೂ ಅದನ್ನು ಬೈಗುಳವಾಗಿಯೇ ಉಳಿಸಿಕೊಳ್ಳುತ್ತೇನೆ.