ಪಕ್ಕದ ಮನೆ ಮಗು ಕಾರಿನ ಮೇಲೆ ಗೀಚಿದರೆ ಮೊದಲು ಏನು ನೋಡಬೇಕು?

ಕ್ಯಾಮೆರಾ ಆನ್ ಆಗಿದೆ, ಮೊದಲು ಇದನ್ನು ತೋರಿಸಿಬಿಡುತ್ತೇನೆ. ಬಿಸಿಲು ಓರೆಯಾಗಿ ಬೀಳುವಾಗ ಮಾತ್ರ ಇದು ಕಾಣುತ್ತದೆ, ಸೂರ್ಯ ನೆತ್ತಿಗೆ ಬಂದರೆ ಮಾಯ. ಬಾನೆಟ್ ನೋಡಿ. ಸ್ವಲ್ಪ ಬಗ್ಗಿ ನೋಡಬೇಕು. ಕಂಡಿತಾ? ಒಂದು ದುಂಡು ಮುಖ, ಎರಡು ಕಣ್ಣು, ಅಗಲವಾದ ನಗು. ಪಕ್ಕದಲ್ಲಿ ಇನ್ನೊಂದು ಇದೆ, ಮೀನೋ ವಿಮಾನವೋ ಗೊತ್ತಾಗುತ್ತಿಲ್ಲ. ಕಾರು ತೊಳೆದಾಗಿದೆ. ಧೂಳೆಲ್ಲ ಹೋಯಿತು, ಚಿತ್ರ ಹೋಗಲಿಲ್ಲ.

ಇದನ್ನು ಬರೆದದ್ದು ಮೊಳೆಯಿಂದ ಅಲ್ಲ, ಕಲ್ಲಿನಿಂದಲೂ ಅಲ್ಲ. ಬರೀ ಬೆರಳು. ಧೂಳು ಕೂತ ಕಾರಿನ ಮೇಲೆ ಬೆರಳಾಡಿಸಿದರೆ ಸಾಕು, ಇಷ್ಟಾಗುತ್ತದೆ. ಧೂಳಿನಲ್ಲಿ ಸಣ್ಣ ಸಣ್ಣ ಮರಳಿನ ಕಣ ಇರುತ್ತದೆ. ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಜ್. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ವಜ್ರಕ್ಕೆ 10, ಕ್ವಾರ್ಟ್ಜ್‌ಗೆ 7. ಕಾರಿನ ಬಣ್ಣದ ಮೇಲೆ ಹೊಡೆದಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಅದರ ಹತ್ತಿರಕ್ಕೂ ಬರುವುದಿಲ್ಲ. ಮಗುವಿನ ಬೆರಳು ಮೆತ್ತಗಿರಬಹುದು, ಆ ಬೆರಳು ಒತ್ತಿಕೊಂಡು ಹೋಗುವ ಮರಳು ಮೆತ್ತಗಿರುವುದಿಲ್ಲ.

ಇದೇ ಕಾರಣಕ್ಕೆ ಒಣ ಬಟ್ಟೆಯಲ್ಲಿ ಕಾರು ಒರೆಸಬೇಡಿ. ದಿನಾ ಬೆಳಿಗ್ಗೆ ಒಣ ಬಟ್ಟೆ ಹಿಡಿದು ಧೂಳು ಹೊಡೆಯುವ ದೊಡ್ಡವರು ಮಕ್ಕಳಿಗಿಂತ ಜಾಸ್ತಿ ಗೀರು ಹಾಕುತ್ತಾರೆ. ಬೇಜಾರಾದರೂ ಪರವಾಗಿಲ್ಲ, ಇದು ನಿಜ. ಕಪ್ಪು ಕಾರಿನ ಮೇಲೆ ಬಿಸಿಲು ಬಿದ್ದಾಗ ದುಂಡು ದುಂಡಾಗಿ ನವಿರಾದ ಗೆರೆಗಳು ಕಾಣುತ್ತವಲ್ಲ, ಅವು ಹೆಚ್ಚಾಗಿ ಬಟ್ಟೆಯ ಕೆಲಸ. ಯಾವ ಮಗುವೂ ಮಾಡಿದ್ದಲ್ಲ. ಮೊದಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಶಾಂಪೂ, ಆಮೇಲೆ ಮೈಕ್ರೋಫೈಬರ್ ಬಟ್ಟೆ.

ಸರಿ, ಈಗ ಹಿಂದಿನ ಬಾಗಿಲು. ಇಲ್ಲಿ ನೋಡಿ, ಇಷ್ಟುದ್ದ ಕಪ್ಪು ಗೆರೆ. ಸೈಕಲ್ ಹ್ಯಾಂಡಲ್ ತಾಗಿದ್ದು. ನೋಡಿದರೆ ಎದೆ ಧಸಕ್ ಅನ್ನುತ್ತದೆ, ಬಾಗಿಲೇ ಹಾಳಾಯಿತು ಅನ್ನಿಸುತ್ತದೆ. ಆದರೆ ಇದು ಗೀರೇ ಅಲ್ಲ. ಹ್ಯಾಂಡಲ್ ತುದಿಯ ರಬ್ಬರ್ ಉಜ್ಜಿ ಪೇಂಟ್ ಮೇಲೆ ಅಂಟಿಕೊಂಡಿದೆ, ಅಷ್ಟೇ. ಬಟ್ಟೆಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ್ದೇನೆ. ಮೆಲ್ಲಗೆ. ಒತ್ತಬಾರದು. ನೋಡಿ, ಬಟ್ಟೆಗೆ ಕಪ್ಪು ಬರುತ್ತಿದೆ, ಬಾಗಿಲ ಮೇಲೆ ಕಡಿಮೆ ಆಗುತ್ತಿದೆ. ಟಾರ್ ತೆಗೆಯುವ ದ್ರಾವಣವೂ ನಡೆಯುತ್ತದೆ. ಪೇಂಟ್ ಥಿನ್ನರ್ ಮಾತ್ರ ಬೇಡವೇ ಬೇಡ, ಅದು ರಬ್ಬರ್ ಜೊತೆ ಕಾರಿನ ಪೇಂಟನ್ನೂ ಕಿತ್ತುಕೊಂಡು ಬರಬಹುದು.

ಈಗ ಹೇಳಿ, ಇದನ್ನು ಸರಿಯಾಗಿ ನೋಡದೆ ಯಾರದ್ದೋ ಮನೆ ಬಾಗಿಲು ಬಡಿದಿದ್ದರೆ? ಮಾತಿಗೆ ಮಾತು ಬೆಳೆದು, ಮಗು ಅತ್ತು, ಕೊನೆಗೆ ಒಂದು ಒದ್ದೆ ಬಟ್ಟೆಗೆ ಹೋಗುವ ಕಲೆ. ಅದಕ್ಕೇ ಮೊದಲು ತೊಳೆಯಿರಿ, ಆಮೇಲೆ ಒರೆಸಿ, ಆಮೇಲೆ ಸಿಟ್ಟು ಮಾಡಿಕೊಳ್ಳಿ.

ಸಿಟ್ಟು ಬರುವ ಜಾಗಕ್ಕೆ ಬಂದೆವು. ಮುಂದಿನ ಫೆಂಡರ್, ಅಂದರೆ ಮುಂದಿನ ಚಕ್ರದ ಮೇಲಿನ ತಗಡು. ಕ್ಯಾಮೆರಾ ಹತ್ತಿರ ತರುತ್ತೇನೆ, ಫೋಕಸ್ ಆಗಲಿ. ಓದಲು ಬರುತ್ತಿದೆಯಾ? ಒಂದು 'ರ'. ಚೆನ್ನಾಗಿ ದುಂಡಗೆ ಬರೆದ 'ರ', ಮೇಲೆ ತಲೆಕಟ್ಟು. ಇದಕ್ಕೆ ಕಲ್ಲನ್ನೇ ಬಳಸಿದ್ದು. ಬರೆದವನು ಈಗಷ್ಟೇ ಅಕ್ಷರ ಕಲಿಯುತ್ತಿರುವ ಹುಡುಗ, ಅವನ ಹೆಸರು ಶುರುವಾಗುವುದೇ ಇದರಿಂದ. ನಾನು ಬಗ್ಗಿ ನೋಡುತ್ತಿದ್ದಾಗ ಹತ್ತಿರ ಬಂದು, "ಅಂಕಲ್, ಅದು ನಾನೇ ಬರೆದಿದ್ದು" ಅಂದ. ಕೈಯಲ್ಲಿ ಇನ್ನೂ ಕಲ್ಲು ಇತ್ತು. ಅವನ ಮುಖದಲ್ಲಿ ಭಯವೇ ಇರಲಿಲ್ಲ, ಚೆನ್ನಾಗಿ ಬರೆದಿದ್ದೇನೆ ಅನ್ನುವ ಖುಷಿ ಇತ್ತು. ಆ ಮಗುವಿನ ಮೇಲೆ ನನಗೆ ಒಂದು ಚೂರೂ ಕೋಪ ಇಲ್ಲ. ಅವನು ನಿಜ ಹೇಳಿದ. ಬೈದಿದ್ದರೆ ಮುಂದಿನ ಸಲ ಸುಳ್ಳು ಹೇಳುವುದನ್ನು ಕಲಿಯುತ್ತಿದ್ದ.

ಕೋಪ ಬಂದದ್ದು ಅವರಪ್ಪನ ಮಾತಿಗೆ. ನಾನು ಕರೆದು ತೋರಿಸಿದೆ, ಅಷ್ಟೇ. ದುಡ್ಡಿನ ಮಾತು ಎತ್ತಿರಲಿಲ್ಲ, ದನಿ ಏರಿಸಿರಲಿಲ್ಲ. ಅವರು ಫೆಂಡರ್ ಕಡೆ ಸರಿಯಾಗಿ ನೋಡಲೂ ಇಲ್ಲ. "ಬಿಡಿ ಸಾರ್, ಮಕ್ಕಳಲ್ವಾ" ಅಂದುಬಿಟ್ಟರು. ಬಿಡಿ ಅಂತೆ! ಅದು ನಾನು ಹೇಳಬೇಕಾದ ಮಾತು. ಅವರು "ಅಯ್ಯೋ, ಏನಾಯಿತು ಸಾರ್, ತೋರಿಸಿ" ಅನ್ನಬೇಕಿತ್ತು, ಆಗ ನಾನು "ಇರಲಿ ಬಿಡಿ, ಮಕ್ಕಳಲ್ವಾ" ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ. ಅದೇ ಮಾತು, ಹೇಳುವ ಬಾಯಿ ಬೇರೆಯಾದರೆ ಮೈ ಉರಿಯುತ್ತದೆ. ವಸ್ತು ಯಾರದ್ದೋ, ಅದರ ನಷ್ಟ ದೊಡ್ಡದೋ ಚಿಕ್ಕದೋ ಅಂತ ತೀರ್ಮಾನ ಮಾಡುವವರು ಇನ್ಯಾರೋ. ಇದು ಯಾವ ನ್ಯಾಯ?

ಇನ್ನೊಂದು ವಿಷಯ. ಆ ಮಾತನ್ನು ಮಗು ಕೇಳಿಸಿಕೊಳ್ಳುತ್ತಾ ನಿಂತಿತ್ತು. ಬೇರೆಯವರ ವಸ್ತು ಹಾಳಾದರೆ "ಬಿಡಿ" ಅಂದರೆ ಮುಗಿಯಿತು ಅಂತ ಅದಕ್ಕೆ ಅವತ್ತು ಗೊತ್ತಾಯಿತು. ನನಗೆ ಗೀರಿಗಿಂತ ಇದು ಜಾಸ್ತಿ ಬೇಜಾರು. ಒಂದು "ಸಾರಿ" ಹೇಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಗು ಹೇಳುತ್ತಿತ್ತು ಕೂಡ, ಕೇಳಿದ್ದರೆ.

ಹಾಗಾದರೆ ದುಡ್ಡು ಕೇಳಬೇಕಾ? ನನ್ನ ಅಭಿಪ್ರಾಯ, ಕೇಳಬಾರದು. ಅಕ್ಕಪಕ್ಕ ಇರುವವರು, ದಿನಾ ಮುಖ ನೋಡಬೇಕು. ಅಲ್ಲ, ತಡೀರಿ. ಇಡೀ ಪ್ಯಾನೆಲ್ ಪೇಂಟ್ ಮಾಡಿಸುವಷ್ಟು ಆಗಿದ್ದರೆ ಯಾಕೆ ಕೇಳಬಾರದು? ಕೇಳಬೇಕು. ಗ್ಯಾರೇಜಿನಿಂದ ಬರೆಸಿಕೊಂಡ ಲೆಕ್ಕ ತೋರಿಸಿ, ನೇರವಾಗಿ, ದೊಡ್ಡವರ ಹತ್ತಿರ, ಮಗುವಿನ ಎದುರಿಗೆ ಅಲ್ಲ. ಫೋಟೋ ಅವತ್ತೇ ತೆಗೆದಿಟ್ಟುಕೊಳ್ಳಿ, ಅವತ್ತೇ ಹೇಳಿ. ವಾರ ಬಿಟ್ಟು ಹೇಳಿದರೆ "ನಮ್ಮ ಮಗುನೇ ಅಂತ ಹೇಗೆ ಹೇಳ್ತೀರಿ" ಅನ್ನುತ್ತಾರೆ, ಅದು ಸಹಜ. ನಾವೇ ಕೈಯಲ್ಲಿ ತೆಗೆಯಬಹುದಾದ ಗೀರಾಗಿದ್ದರೆ ದುಡ್ಡಿನ ಮಾತೇ ಬೇಡ. ಇನ್ಶೂರೆನ್ಸ್ ಕ್ಲೇಮ್ ಅಂತೂ ಇಷ್ಟಕ್ಕೆಲ್ಲ ಬೇಡ. ಎಷ್ಟೋ ಪಾಲಿಸಿಗಳಲ್ಲಿ ಮೊದಲ ಒಂದಿಷ್ಟು ಮೊತ್ತ ನಮ್ಮ ಕೈಯಿಂದಲೇ ಹೋಗುತ್ತದೆ, ಮೇಲೆ ಕ್ಲೇಮ್ ಮಾಡದೆ ಉಳಿಸಿಕೊಂಡ ರಿಯಾಯಿತಿಯೂ ಹೋಗುತ್ತದೆ.

ಅಯ್ಯೋ, ಮಾತಾಡುತ್ತಾ ಫೆಂಡರ್ ಹಾಗೇ ಬಿಟ್ಟೆ. ಬನ್ನಿ. ಈಗ 'ರ' ಮೇಲೆ ನೀರು ಹಾಕುತ್ತೇನೆ. ಏನಾಯಿತು ನೋಡಿ. ಕೆಳಗಿನ ದುಂಡು ಭಾಗ ಪೂರ್ತಿ ಮಾಯ. ತಲೆಕಟ್ಟು ಮಾತ್ರ ಹಾಗೇ ಇದೆ. ಗೀರಿನ ಅಂಚಿಗೆ ಬೆಳಕು ಬಿದ್ದು ಚದುರುತ್ತದೆ, ಅದಕ್ಕೇ ಅದು ಬೆಳ್ಳಗೆ ಕಾಣುವುದು. ನೀರು ಆ ಸಂದು ತುಂಬಿದಾಗ ಬೆಳಕು ಅಷ್ಟಾಗಿ ಚದುರುವುದಿಲ್ಲ. ಒದ್ದೆ ಮಾಡಿದಾಗ ಮಾಯವಾಗುವ ಗೀರು ಸಾಮಾನ್ಯವಾಗಿ ಕ್ಲಿಯರ್ ಕೋಟ್‌ನಲ್ಲೇ ನಿಂತಿರುತ್ತದೆ, ಪಾಲಿಶ್‌ಗೆ ಹೋಗುತ್ತದೆ. ಇನ್ನು ಉಗುರು. ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ದುಂಡು ಭಾಗದಲ್ಲಿ ಜಾರುತ್ತದೆ. ತಲೆಕಟ್ಟಿಗೆ ಬಂದಾಗ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಕಲ್ಲಿನ ಮೂತಿ ಊರಿದೆ. ತಳದಲ್ಲಿ ಬೂದು ಬಣ್ಣ ಕಾಣುತ್ತಿದೆ, ಅಂದರೆ ಬಣ್ಣದ ಅಡಿಯಲ್ಲಿ ಹೊಡೆದಿರುವ ಪ್ರೈಮರ್ ಪದರದ ತನಕ ಹೋಗಿದೆ. ಲೋಹ ಹೊಳೆಯುತ್ತಿಲ್ಲ, ಅದು ಸಮಾಧಾನ.

ಇಷ್ಟು ಆಳಕ್ಕೆ ಹೋಗಲು ದೊಡ್ಡ ಶಕ್ತಿಯೇನೂ ಬೇಡ. ಫ್ಯಾಕ್ಟರಿಯಿಂದ ಬರುವ ಪೇಂಟ್ ಎಲ್ಲ ಪದರ ಸೇರಿದರೂ ಸುಮಾರು 100ರಿಂದ 150 ಮೈಕ್ರಾನ್. ನಾವು ಪ್ರಿಂಟ್ ತೆಗೆಯುವ ಸಾಮಾನ್ಯ ಹಾಳೆಯೇ ಸುಮಾರು 100 ಮೈಕ್ರಾನ್ ದಪ್ಪ ಇರುತ್ತದೆ. ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 40, 50 ಮೈಕ್ರಾನ್. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಇದೇ ಪದರ. ಪಾಲಿಶ್ ಮಾಡುವುದು ಅಂದರೆ ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ಸ್ವಲ್ಪ ಸವೆಸಿ ಸಮ ಮಾಡುವುದು. ಗೀರು ತುಂಬಿಕೊಳ್ಳುವುದಿಲ್ಲ, ಸುತ್ತಲಿನದು ಇಳಿಯುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಕಾಂಪೌಂಡ್, ಅಂದರೆ ಒರಟು ಪಾಲಿಶ್, ಹಾಕಿಸುವವರನ್ನು ಕಂಡರೆ ನನಗೆ ಕಾರಿನ ಮೇಲೆ ಕನಿಕರ ಬರುತ್ತದೆ. ಕಳೆದ ಕ್ಲಿಯರ್ ಕೋಟ್ ವಾಪಸ್ ಬರುವುದಿಲ್ಲ.

ದುಂಡು ಭಾಗಕ್ಕೆ ಈಗ ಪಾಲಿಶ್. ಮೊದಲೇ ಒರಟು ಕಾಂಪೌಂಡ್ ಬೇಡ, ನಯವಾದ ಪಾಲಿಶ್‌ನಿಂದ ಶುರು ಮಾಡಿ. ಹೋಗಲಿಲ್ಲ ಅಂದರೆ ಮಾತ್ರ ಕಾಂಪೌಂಡ್. ಅಂಗೈಯಗಲ ಜಾಗ ಸಾಕು. ಫೆಂಡರ್ ಅಂಚಿಗೆ ಟೇಪ್ ಹಚ್ಚಿದ್ದೇನೆ, ಅಂಚಿನಲ್ಲಿ ಪೇಂಟ್ ತೆಳು, ಬೇಗ ಕಿತ್ತು ಬರುತ್ತದೆ. ಬಟ್ಟೆ ಆಗಾಗ ತಿರುಗಿಸಿ ನೋಡುತ್ತಿರಿ. ಬಿಳಿ ಪಾಲಿಶ್ ಮಾತ್ರ ಕಾಣಬೇಕು. ಕಾರಿನ ಬಣ್ಣ ಬಟ್ಟೆಗೆ ಬಂದರೆ ತಕ್ಷಣ ನಿಲ್ಲಿಸಿ, ಕ್ಲಿಯರ್ ಕೋಟ್ ದಾಟಿದ್ದೀರಿ. ಹಳೇ ಕಾಲದ ಕಾರುಗಳಿಗೆ ಇದು ಅನ್ವಯಿಸುವುದಿಲ್ಲ, ಅವಕ್ಕೆ ಕ್ಲಿಯರ್ ಕೋಟ್ ಇರಲಿಲ್ಲ, ಉಜ್ಜಿದರೆ ಬಣ್ಣ ಬಂದೇ ಬರುತ್ತದೆ. ಆ ಪೇಂಟ್ ದಪ್ಪಗಿರುತ್ತಿತ್ತು, ಅದರ ಹೊಳಪೂ ಬೇರೆ ಥರ. ನನಗೆ ಅದೇ ಇಷ್ಟ. ಆದರೆ ಬಿಸಿಲಿಗೆ ಬೇಗ ಮಂಕಾಗುತ್ತಿತ್ತು, ಅದೂ ನಿಜ.

ಟೂತ್‌ಪೇಸ್ಟ್ ಬಗ್ಗೆ ಕೇಳೇ ಕೇಳುತ್ತೀರಿ. ಅದರಲ್ಲೂ ಉಜ್ಜುವ ಕಣ ಇರುತ್ತದೆ, ತೀರಾ ಸಣ್ಣ ಗೀರು ಸ್ವಲ್ಪ ಮಂಕಾಗಬಹುದು. ಆದರೆ ಒಂದೊಂದು ಪೇಸ್ಟ್‌ನ ಕಣ ಒಂದೊಂದು ಥರ. ಅದನ್ನು ಹಲ್ಲಿಗೆ ಅಂತ ಮಾಡಿರುವುದು, ಹಲ್ಲಿಗೇ ಇರಲಿ.

ತಾನಾಗೇ ಗೀರು ಮಾಯವಾಗುವ ಪೇಂಟೂ ಇದೆ. ನಿಸ್ಸಾನ್ ಕಂಪನಿ 2005ರಲ್ಲೇ ಅಂಥ ಕ್ಲಿಯರ್ ಕೋಟ್ ತೋರಿಸಿತ್ತು. ಪೇಂಟ್ ಕಾಯಲು ಕಾರಿಗೆ ಅಂಟಿಸುವ ಪಾರದರ್ಶಕ ಪಿಪಿಎಫ್ ಫಿಲ್ಮ್‌ಗಳಲ್ಲೂ ಹಲವಕ್ಕೆ ಈ ಗುಣ ಇದೆ, ಬಿಸಿಲಿಗೋ ಬಿಸಿನೀರಿಗೋ ಸಣ್ಣ ಗೀರು ಕೂಡಿಕೊಳ್ಳುತ್ತದೆ. ಬೆರಳಿನ ಚಿತ್ರ ಅದರಲ್ಲಿ ಹೋಗಬಹುದು. ಕಲ್ಲಿನ ತಲೆಕಟ್ಟು ಹೋಗುವುದಿಲ್ಲ.

ನೋಡಿ, ದುಂಡು ಹೋಯಿತು. ಈಗ ಬರೀ ಒಂದು ಅಡ್ಡಗೆರೆ. ಇದನ್ನು ಉಜ್ಜಿ ಪ್ರಯೋಜನವಿಲ್ಲ, ತುಂಬಬೇಕು. ಟಚ್‌ಅಪ್ ಪೇಂಟ್ ತರುವ ಮೊದಲು ಕಾರಿನ ಬಣ್ಣದ ಕೋಡ್ ನೋಡಿಕೊಳ್ಳಿ. ಹೆಚ್ಚಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮೇಲೋ ಬಾನೆಟ್ ಒಳಗೋ ಇರುತ್ತದೆ. ಬರೀ "ಬಿಳಿ" ಅಂತ ತಂದರೆ ಆಗುವುದಿಲ್ಲ, ಬಿಳಿಯಲ್ಲೇ ನೂರೆಂಟು ಇವೆ. ಮೆಟಾಲಿಕ್ ಬಣ್ಣ ಆದರೆ ಕೋಡ್ ಸರಿ ಇದ್ದರೂ ಹತ್ತಿರದಿಂದ ವ್ಯತ್ಯಾಸ ಕಾಣುತ್ತದೆ. ಅದರೊಳಗಿನ ಸಣ್ಣ ಲೋಹದ ಚೂರುಗಳು ಸ್ಪ್ರೇಯಲ್ಲಿ ಕೂರುವ ರೀತಿಯೇ ಬೇರೆ, ಬ್ರಷ್‌ನಲ್ಲಿ ಕೂರುವ ರೀತಿಯೇ ಬೇರೆ. ಗ್ಯಾರೇಜಿನವರು ಪಕ್ಕದ ಪ್ಯಾನೆಲ್‌ವರೆಗೂ ಸ್ವಲ್ಪ ಬಣ್ಣ ಹಾರಿಸಿ ಹೊಂದಿಸುವುದು ಇದಕ್ಕೇ. ಅವರು ಸುಮ್ನೆ ಕೆಲಸ ಜಾಸ್ತಿ ಮಾಡುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ. ಆದರೂ ಇಷ್ಟುದ್ದದ ಗೆರೆಗೆ ಫ್ಯಾಕ್ಟರಿ ಪೇಂಟ್ ಕೆರೆಸಿ ಇಡೀ ಫೆಂಡರ್ ಹೊಸದಾಗಿ ಹೊಡೆಸಲು ನನಗೆ ಮನಸ್ಸಿಲ್ಲ. ಒಂದು ಗೇಣು ದೂರದಿಂದ ನೋಡಿದರೆ ಗುರುತು ಸಿಗಬಹುದು. ಸಿಗಲಿ.

ಲೋಹ ಕಂಡಿದ್ದರೆ ಮಾತ್ರ ತಡ ಮಾಡಬೇಡಿ. ಉಕ್ಕಿನ ಪ್ಯಾನೆಲ್ ಆದರೆ ತುಕ್ಕು ಹಿಡಿದು ಪೇಂಟ್ ಅಡಿಯಲ್ಲೇ ಹರಡುತ್ತದೆ. ಮೊದಲು ಪ್ರೈಮರ್, ಆಮೇಲೆ ಬಣ್ಣ. ಬಂಪರ್ ಹೆಚ್ಚಾಗಿ ಪ್ಲಾಸ್ಟಿಕ್ ಆಗಿರುವುದರಿಂದ ತುಕ್ಕಿನ ಭಯ ಇಲ್ಲ, ನಿಧಾನಕ್ಕೆ ಮಾಡಿಕೊಳ್ಳಬಹುದು.

ಬಾಟಲಿ ಚೆನ್ನಾಗಿ ಅಲ್ಲಾಡಿಸಿದ್ದೇನೆ. ಗೆರೆಯನ್ನು ಆಲ್ಕೋಹಾಲ್‌ನಲ್ಲಿ ಒರೆಸಿದ್ದೇನೆ, ಪಾಲಿಶ್‌ನ ಎಣ್ಣೆ ಇದ್ದರೆ ಬಣ್ಣ ಹಿಡಿಯುವುದಿಲ್ಲ. ಮುಚ್ಚಳದ ಬ್ರಷ್ ಇದಕ್ಕೆ ತುಂಬಾ ದಪ್ಪ, ಟೂತ್‌ಪಿಕ್ ತುದಿಯಲ್ಲಿ ಒಂದು ಹನಿ ತೆಗೆದು ಗೆರೆಯೊಳಗೆ ಬಿಡುತ್ತಿದ್ದೇನೆ. ಎಳೆಯಬಾರದು, ಮುಟ್ಟಿಸಿದರೆ ಸಾಕು, ತಾನೇ ಹರಿದುಕೊಂಡು ಹೋಗುತ್ತದೆ. ನೋಡಿ, ನೋಡಿ, ಹೋಗುತ್ತಿದೆ. ಇದನ್ನು ನೋಡುವುದೇ ಒಂದು ಖುಷಿ. ಒಣಗಿದಾಗ ಕುಗ್ಗಿ ಕೆಳಗಿಳಿಯುತ್ತದೆ, ಅದಕ್ಕೇ ತೆಳುವಾಗಿ ಮತ್ತೆ ಮತ್ತೆ ಹಾಕಬೇಕು. ಒಂದೇ ಸಲ ಗುಡ್ಡೆ ಹಾಕಿದರೆ ಮೇಲೆ ಒಣಗಿ ಒಳಗೆ ಹಸಿಯಾಗೇ ಉಳಿಯುತ್ತದೆ.

ಹುಡುಗ ಬಂದು ನೋಡುತ್ತಿದ್ದಾನೆ. ನೆಲದ ಮೇಲೆ ಬರೆಯಲಿ ಅಂತ ಸೀಮೆಸುಣ್ಣ ಕೊಟ್ಟಿದ್ದೇನೆ. ಅವರಪ್ಪನ ಜೊತೆ ಇನ್ನೊಂದು ಸಲ ಮಾತಾಡುತ್ತೇನೆ, ಇವತ್ತಲ್ಲ. ಗೀರು ತೆಗೆದಾಯಿತು ಅಂತ ಸುಮ್ಮನಿದ್ದರೆ ಅವರಿಗೆ ಏನೂ ಆಗಲೇ ಇಲ್ಲ ಅನ್ನಿಸುತ್ತದೆ. ದುಡ್ಡು ಬೇಡ. ಏನು ಮಾಡಬೇಕಾಯಿತು ಅಂತ ಒಮ್ಮೆ ಬಂದು ನೋಡಲಿ, ಅಷ್ಟು ಸಾಕು.

ಮೋಡ ಕಟ್ಟುತ್ತಿದೆ, ಕಾರನ್ನು ಒಳಗೆ ತೆಗೆದುಕೊಳ್ಳಬೇಕು. ಕವರ್ ಹಾಕುವುದಿಲ್ಲ, ಹಸಿ ಬಣ್ಣಕ್ಕೆ ಬಟ್ಟೆ ಅಂಟುತ್ತದೆ. ಇದು ಒಣಗಿದ ಮೇಲೆ ಇನ್ನೊಂದು ಪದರ, ಆಮೇಲೆ ಕ್ಲಿಯರ್ ಕೋಟ್. ಅದು ಪೂರ್ತಿ ಗಟ್ಟಿಯಾದ ಮೇಲೆ 2000, 3000 ನಂಬರಿನ ನೀರುಕಾಗದದಲ್ಲಿ, ಅಂದರೆ ಒದ್ದೆ ಮಾಡಿ ಉಜ್ಜುವ ನಯವಾದ ಮರಳುಕಾಗದದಲ್ಲಿ, ಸೋಪು ನೀರು ಹಾಕಿ ತೀಡಿ ಸಮ ಮಾಡಬೇಕು. ವ್ಯಾಕ್ಸ್ ಈಗಲೇ ಬೇಡ, ಕೆಲವು ವಾರ ಹೋಗಲಿ. ಬಾನೆಟ್ ಮೇಲಿನ ಮುಖಕ್ಕೆ ಇನ್ನೂ ಕೈ ಹಚ್ಚಿಲ್ಲ, ಅದಕ್ಕೂ ಇದೇ ಪಾಲಿಶ್, ಮುಂದಿನ ವಿಡಿಯೋದಲ್ಲಿ ಎರಡನ್ನೂ ಒಟ್ಟಿಗೆ ತೋರಿಸುತ್ತೇನೆ. ಹನಿ ಬಿತ್ತು, ಕ್ಯಾಮೆರಾ ಎತ್ತುತ್ತಿದ್ದೇನೆ.